ನೀಲಗಿರಿ ಜಿಲ್ಲೆ: ಸಾರ್ವಜನಿಕ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನೆ

ನೀಲಗಿರಿ ತಮಿಳುನಾಡಿನ ಬೆಟ್ಟದ ಜಿಲ್ಲೆ. ಉತ್ತರಕ್ಕೆ ಕರ್ನಾಟಕ, ಪಶ್ಚಿಮಕ್ಕೆ ಕೇರಳ. 2011ರ ಜನಗಣತಿಯಂತೆ ಜನಸಂಖ್ಯೆ 7,35,394. ಅದರಲ್ಲಿ ಪರಿಶಿಷ್ಟ ಪಂಗಡದವರು 32,813. ಇಷ್ಟು ಚಿಕ್ಕ ಜಿಲ್ಲೆಗೆ ಭಾರತದ ವೈದ್ಯಕೀಯ ಚರಿತ್ರೆಯಲ್ಲಿ ಸಿಕ್ಕಿರುವ ಜಾಗ ಮಾತ್ರ ದೊಡ್ಡದು. ಮಲೇರಿಯಾದ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ಮರವನ್ನು ಸರ್ಕಾರ ಇಲ್ಲಿ ಬೆಳೆಸಿತು. ದಕ್ಷಿಣ ಭಾರತದವರಿಗೆ ಹುಚ್ಚುನಾಯಿ ಕಡಿತದ ಚಿಕಿತ್ಸೆ ಇಲ್ಲಿ ಸಿಗುವಂತಾಯಿತು. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು ಇಲ್ಲಿನ ಒಂದೇ ಕೋಣೆಯಲ್ಲಿ. ಭಾರತದಲ್ಲಿ ಕುಡುಗೋಲು ಕಣದ ರಕ್ತದೋಷವನ್ನು ಮೊದಲು ಗುರುತಿಸಿದ್ದೂ ಇಲ್ಲಿಯ ಬುಡಕಟ್ಟು ಜನರಲ್ಲಿ.

ಈ ಚರಿತ್ರೆಯನ್ನು ಎತ್ತರದ ಲೆಕ್ಕದಲ್ಲಿ ಓದಬೇಕು. ದೊಡ್ಡಬೆಟ್ಟದ ತುದಿ 2,637 ಮೀಟರ್, ಉದಕಮಂಡಲ (ಊಟಿ) ಸುಮಾರು 2,240, ಕೂನೂರು ಸುಮಾರು 1,850. ಗೂಡಲೂರು ಮತ್ತು ಮಸಿನಗುಡಿ ಸಾವಿರ ಮೀಟರಿನ ಆಸುಪಾಸಿನವು. ಪ್ರಯೋಗಾಲಯಗಳು, ಸೇನೆಯ ಆರೈಕೆಮನೆಗಳು, ದೊಡ್ಡ ಆಸ್ಪತ್ರೆಗಳು ಬಂದದ್ದು ಮೇಲಿನ ತಂಪಿಗೆ. ಚಳಿಜ್ವರ, ರಕ್ತಹೀನತೆ, ಹೆರಿಗೆಯ ಸಾವು ಬೀಡುಬಿಟ್ಟದ್ದು ಕೆಳಗಿನ ಕಾಡಂಚಿನಲ್ಲಿ. ನಡುವಿನ ಘಾಟಿ ರಸ್ತೆ ಐವತ್ತು ಕಿಲೋಮೀಟರನ್ನೂ ದಾಟದು. ಆ ದಾರಿಯಲ್ಲಿ ವೈದ್ಯಕೀಯ ಜ್ಞಾನ ಇಳಿದು ಬರಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆರೋಗ್ಯಧಾಮ ಮತ್ತು ಸಿಂಕೋನಾ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲೆ ಕಂಪನಿ ಸರ್ಕಾರಕ್ಕೆ ನೀಲಗಿರಿ ಕಂಡದ್ದು ಮೊದಲಿಗೆ ಒಂದು ಔಷಧವಾಗಿಯೇ. ಬಯಲಿನ ಬಿಸಿಲಿಗೆ, ಜ್ವರಕ್ಕೆ ಸೊರಗಿದ ಬಿಳಿಯ ಅಧಿಕಾರಿಗಳನ್ನೂ ಸಿಪಾಯಿಗಳನ್ನೂ ಇಲ್ಲಿಗೆ ಕಳಿಸಿದರೆ ಚೇತರಿಸಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ಉದಕಮಂಡಲ ಊರಾಯಿತು. ಜಕತಳದ ಸೈನಿಕ ವಸತಿ ಮುಂದೆ ವೆಲಿಂಗ್ಟನ್ ದಂಡುಪ್ರದೇಶವಾಯಿತು. ಹೀಗೆ ಊರು ಕಟ್ಟಿದ್ದೇ ಆರೋಗ್ಯದ ಹೆಸರಿನಲ್ಲಿ. ಆದರೆ ಆ ಆರೋಗ್ಯ ಯಾರದು ಎಂಬ ಪ್ರಶ್ನೆ ಆಗ ಏಳಲಿಲ್ಲ.

ಎರಡನೆಯ ಹೆಜ್ಜೆ ಸಿಂಕೋನಾ. ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯಿಂದ ಸಂಗ್ರಹಿಸಿ ತರಿಸಿದ ಸಸಿಗಳೂ ಬೀಜಗಳೂ 1860ರ ಹೊತ್ತಿಗೆ ನೀಲಗಿರಿ ತಲುಪಿದವು. ಊಟಿಯ ಸರ್ಕಾರಿ ತೋಟ ನೋಡಿಕೊಳ್ಳುತ್ತಿದ್ದ ವಿಲಿಯಂ ಗ್ರಹಾಂ ಮೆಕೈವರ್ ಅವನ್ನು ದೊಡ್ಡಬೆಟ್ಟದಲ್ಲಿ, ಆಮೇಲೆ ನಡುವಟ್ಟದಲ್ಲಿ ನೆಡಿಸಿದ. ಮರವನ್ನು ಕಡಿದುಹಾಕದೆ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಗಾಯಕ್ಕೆ ಪಾಚಿ ಹೊದಿಸಿ, ಹೊಸ ತೊಗಟೆ ಬೆಳೆಯುವಂತೆ ಮಾಡುವ ಕ್ರಮ ಅವನದು. ಹಾಗೆ ಮರಳಿ ಬಂದ ತೊಗಟೆಯಲ್ಲಿ ಔಷಧಾಂಶ ಕುಗ್ಗಲಿಲ್ಲ. ತೋಟದ ಕೂಲಿಗೆ ಮಲಯ ಕರಾವಳಿಯ ಬ್ರಿಟಿಷ್ ವಸಾಹತುಗಳಿಂದ ತಂದ ಚೀನೀ ಕೈದಿಗಳನ್ನೂ ದುಡಿಸಿಕೊಂಡರು. ನಡುವಟ್ಟದಲ್ಲಿ ಅವರಿಗಾಗಿ ಜೈಲೇ ಇತ್ತು.

ಸಿಂಕೋನಾ ತೊಗಟೆಯಲ್ಲಿ ಕ್ವಿನೈನ್ ಒಂದೇ ಅಲ್ಲ, ಕ್ವಿನಿಡಿನ್, ಸಿಂಕೋನಿನ್, ಸಿಂಕೋನಿಡಿನ್ ಎಂಬ ಇನ್ನೂ ಮೂರು ಕ್ಷಾರಗಳಿವೆ. ನೀಲಗಿರಿಯ ಕೆಂಪು ತೊಗಟೆಯಲ್ಲಿ ಕ್ವಿನೈನ್ ಪಾಲು ಕಡಿಮೆ, ಉಳಿದವುಗಳದು ಹೆಚ್ಚು. ಈ ಅಗ್ಗದ ಕ್ಷಾರಗಳೂ ಜ್ವರಕ್ಕೆ ನಾಟುತ್ತವೆಯೇ? ಮದ್ರಾಸ್ ಸರ್ಕಾರ 1866ರಲ್ಲಿ ಒಂದು ಆಯೋಗ ನೇಮಿಸಿ ಇದನ್ನು ರೋಗಿಗಳ ಮೇಲೆಯೇ ಒರೆಹಚ್ಚಿಸಿತು. ಎರಡು ವರ್ಷಗಳಲ್ಲಿ ಸುಮಾರು 3,600 ಮಂದಿಗೆ ನಾಲ್ಕರಲ್ಲಿ ಒಂದೊಂದನ್ನು ಕೊಟ್ಟು ನೋಡಿದಾಗ, ನಾಲ್ಕೂ ಹೆಚ್ಚುಕಡಿಮೆ ಸಮನಾಗಿ, ನೂರಕ್ಕೆ 98ಕ್ಕೂ ಮಿಕ್ಕಿ ಫಲ ಕೊಟ್ಟವು. ಒಂದು ಔಷಧವನ್ನು ಇನ್ನೊಂದರ ಎದುರಿಗಿಟ್ಟು ನೂರಾರು ರೋಗಿಗಳಲ್ಲಿ ತೂಗಿನೋಡುವ ಪದ್ಧತಿ ಜಗತ್ತಿನಲ್ಲೇ ಇನ್ನೂ ಅಪರೂಪವಾಗಿದ್ದ ಕಾಲವದು. ಆಯೋಗ ನೇಮಕವಾದ ವರ್ಷವೇ ಜಾನ್ ಬ್ರೌಟನ್ ಎಂಬ ರಸಾಯನಜ್ಞ ಸರ್ಕಾರಿ ಕ್ವಿನೈನ್ ತಜ್ಞನಾಗಿ ಬೆಟ್ಟಕ್ಕೆ ಬಂದ. ನಡುವಟ್ಟದಲ್ಲಿ ಕಾರ್ಖಾನೆಯೂ ಆಯಿತು.

ನಡುವಟ್ಟ ಇರುವುದು ಗೂಡಲೂರಿಗೆ ಇಳಿಯುವ ಘಾಟಿಯ ನೆತ್ತಿಯಲ್ಲಿ. ಅಲ್ಲಿಂದ ಕಣ್ಣು ಹಾಯಿಸಿದರೆ ಕಾಣುವ ವೈನಾಡು ತಪ್ಪಲು ಮಲೇರಿಯಾಕ್ಕೆ ಕುಖ್ಯಾತ. 1880ರ ಸುಮಾರಿಗೆ ದೇವಾಲ, ಪಂದಲೂರುಗಳಲ್ಲಿ ಚಿನ್ನದ ಗಣಿಯ ಹುಚ್ಚೆದ್ದು, ಲಂಡನ್ನಿನಲ್ಲಿ ಕಂಪನಿಯ ಮೇಲೆ ಕಂಪನಿ ಹುಟ್ಟಿ, ಎರಡು ಮೂರು ವರ್ಷಗಳಲ್ಲಿ ಎಲ್ಲ ಮುಳುಗಿದಾಗ, ಸಿಗದ ಚಿನ್ನದಷ್ಟೇ ಬಿಡದ ಜ್ವರವೂ ಅದಕ್ಕೆ ಕಾರಣವಾಗಿತ್ತು. ಮದ್ದಿನ ಮರ ಮೇಲೆ ಬೆಳೆಯುತ್ತಿತ್ತು. ಮದ್ದು ಮೊದಲು ಹೋದದ್ದು ಸೇನೆಗೆ, ಸರ್ಕಾರಿ ಉಗ್ರಾಣಕ್ಕೆ.

ಸೀಗೂರು ಘಟ್ಟ

ಊಟಿಯಿಂದ ಕಲ್ಲಟ್ಟಿ ದಾಟಿ 36 ಕಡಿದಾದ ತಿರುವುಗಳಲ್ಲಿ ಇಳಿದರೆ ಸೀಗೂರು ಬಯಲು, ಮಸಿನಗುಡಿ. ಈ ಘಟ್ಟಕ್ಕೆ ಮಲೇರಿಯಾ ಸಂಶೋಧನೆಯಲ್ಲಿ ಒಂದು ಸಣ್ಣ, ಆದರೆ ಗಟ್ಟಿಯಾದ ಜಾಗವಿದೆ. ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣದ ಕೆಲಸದಲ್ಲಿದ್ದ ವೈದ್ಯ ರೊನಾಲ್ಡ್ ರಾಸ್ ರಜೆಯ ಮೇಲೆ ಊಟಿಗೆ ಬಂದಾಗ ಸೀಗೂರು ಘಟ್ಟಕ್ಕೆ ಇಳಿದ. ದಿನವೂ ಕ್ವಿನೈನ್ ನುಂಗುತ್ತಿದ್ದರೂ ಮಲೇರಿಯಾ ಅವನನ್ನೇ ಹಿಡಿಯಿತು. ಅಲ್ಲಿಯೇ ಗೋಡೆಯ ಮೇಲೆ ವಿಚಿತ್ರ ಭಂಗಿಯಲ್ಲಿ ಕೂತ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಯೊಂದನ್ನು ಕಂಡು ಗುರುತಿಟ್ಟುಕೊಂಡ. ಆವರೆಗೆ ಅವನು ಸೀಳಿ ಸೀಳಿ ನೋಡಿದ್ದೆಲ್ಲ ಬೇರೆ ಜಾತಿಯ ಸೊಳ್ಳೆಗಳನ್ನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಮಲೇರಿಯಾ ಪರಾವಲಂಬಿ ಅವನ ಕಣ್ಣಿಗೆ ಬಿದ್ದದ್ದು ಇಂಥದ್ದೇ ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯಲ್ಲಿ. ಅನಾಫಿಲಿಸ್ ಎಂಬ ಈ ಗುಂಪೇ ರೋಗವಾಹಕ ಎಂಬುದು ಆಮೇಲೆ ಸ್ಥಿರಪಟ್ಟಿತು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು.

ಸಿಕಂದರಾಬಾದಿನಲ್ಲಿ ಅವನಿಗೆ ಸ್ಮಾರಕವಿದೆ. ಸೀಗೂರಿನ ಪಾಲನ್ನು ನೆನೆಯುವವರು ಕಡಿಮೆ. ರಾಸ್‌ಗೆ ಬಂದ ಜ್ವರ ಮಸಿನಗುಡಿ ಸುತ್ತಿನ ಇರುಳರಿಗೂ ಕುರುಂಬರಿಗೂ ವರ್ಷವೂ ಬರುತ್ತಿದ್ದದ್ದೇ. ಅದು ಅವರ ರಕ್ತದಲ್ಲಿ ಬರೆದಿಟ್ಟುಹೋದ ಗುರುತನ್ನು ವಿಜ್ಞಾನ ಓದಿದ್ದು ಇನ್ನೂ ಅರ್ಧ ಶತಮಾನದ ನಂತರ.

ಕೂನೂರಿನ ಪಾಶ್ಚರ್ ಸಂಸ್ಥೆ

ಹುಚ್ಚುನಾಯಿ ಕಚ್ಚಿದವರಿಗೆ ಲೂಯಿ ಪಾಶ್ಚರನ ಚಿಕಿತ್ಸೆ ಭಾರತದಲ್ಲಿ ಮೊದಲು ಸಿಕ್ಕಿದ್ದು 1900ರಲ್ಲಿ, ಹಿಮಾಲಯದ ಕಸೌಲಿಯಲ್ಲಿ. ಮದ್ರಾಸ್ ಪ್ರಾಂತದವರಿಗೂ ಮೈಸೂರು ಸೀಮೆಯವರಿಗೂ ಅದು ದಿನಗಟ್ಟಲೆಯ ರೈಲು ಪ್ರಯಾಣ, ಅಂದರೆ ಬಹುಪಾಲು ಜನರಿಗೆ ಇಲ್ಲದ ಹಾಗೆಯೇ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಇಂಗ್ಲಿಷ್ ಯುವತಿ ರೇಬೀಸಿನಿಂದ ಸತ್ತಮೇಲೆ ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಒತ್ತಾಯ ಬಲವಾಯಿತು. ಹುಚ್ಚುನಾಯಿ ಕಡಿತಕ್ಕೆ ಆ ಹೊತ್ತಿಗಾಗಲೇ ಎಷ್ಟೋ ಹಳ್ಳಿಗರು ಬಲಿಯಾಗಿದ್ದರೆಂಬುದನ್ನು ಯಾರೂ ವಿವರಿಸಬೇಕಿಲ್ಲ. ಆದರೂ ಕಡತ ಅಲುಗಿದ್ದು ಈ ಸಾವಿನಿಂದ. ಅಮೆರಿಕದ ಉದ್ಯಮಿ ಹೆನ್ರಿ ಫಿಪ್ಸ್ ವೈಸರಾಯ್ ಕರ್ಜನ್ನನ ಕೈಗಿತ್ತ ದೇಣಿಗೆಯ ಒಂದು ಪಾಲು ಇದಕ್ಕೆ ಸಂದು, 1907ರ ಏಪ್ರಿಲ್‌ನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಕೂನೂರಿನಲ್ಲಿ ಬಾಗಿಲು ತೆರೆಯಿತು.

ಶೀತಕ ಯಂತ್ರಗಳಿಲ್ಲದ ದಿನಗಳಲ್ಲಿ ಲಸಿಕೆ ಕೆಡದೆ ಉಳಿಯಲು ತಂಪು ಹವೆ ಬೇಕು. ಕೂನೂರಿನಲ್ಲಿ ಅದಿತ್ತು, ರೈಲೂ ಇತ್ತು. ಮುಂದೆ ದೇಶದಲ್ಲೆಲ್ಲ ಬಳಕೆಗೆ ಬಂದದ್ದು ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಲಸಿಕೆ: ಸೋಂಕು ತಗುಲಿಸಿದ ಕುರಿಯ ಮಿದುಳನ್ನು ಕಾರ್ಬಾಲಿಕ್ ಆಮ್ಲದಲ್ಲಿ ನಿಷ್ಕ್ರಿಯಗೊಳಿಸಿದ ದ್ರಾವಣ. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎಂದರೆ ನಮ್ಮ ಹಿರಿಯರಿಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆ ಸೂಜಿಯ ಮದ್ದೇ ಇದು. ಮಿದುಳಿನ ಅಂಶವಿದ್ದುದರಿಂದ ಕೆಲವರಿಗೆ ನರದ ತೊಂದರೆ, ಪಾರ್ಶ್ವವಾಯು ಬರುತ್ತಿತ್ತು. ಭಾರತ ಇದನ್ನು ಪೂರ್ತಿ ಕೈಬಿಟ್ಟದ್ದು 2004–05ರ ಹೊತ್ತಿಗೆ, ಬಹಳ ತಡವಾಗಿ. ಅಷ್ಟರಲ್ಲಿ ಕೂನೂರು ಸಂಸ್ಥೆಯೇ ವೆರೋ ಜೀವಕೋಶಗಳಲ್ಲಿ ಬೆಳೆಸಿದ ಹೊಸ ಬಗೆಯ ರೇಬೀಸ್ ಲಸಿಕೆ ತಯಾರಿಸಿತ್ತು.

ರೇಬೀಸ್ ಆಚೆಗೂ ಸಂಸ್ಥೆಯ ಕೆಲಸ ಹರಡಿತು. 1950ರಲ್ಲಿ ಇನ್‌ಫ್ಲುಯೆಂಜಾ ಕೇಂದ್ರ ಇಲ್ಲಿ ಆರಂಭವಾಯಿತು. 1957ರ ಮೇ ತಿಂಗಳಲ್ಲಿ ಸಿಂಗಪುರದಿಂದ ಮದ್ರಾಸಿಗೆ ಬಂದ ಹಡಗಿನೊಂದಿಗೆ ಏಷ್ಯನ್ ಫ್ಲೂ ದೇಶದೊಳಗೆ ಕಾಲಿಟ್ಟಾಗ ಅದರ ಜಾಡು ಹಿಡಿದದ್ದು ಈ ಕೇಂದ್ರ. ಇಲ್ಲಿನ ಐ. ಜಿ. ಕೆ. ಮೆನನ್ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ 44 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಬಾಯಿಗೆ ಹನಿ ಹಾಕುವ ಪೋಲಿಯೊ ಲಸಿಕೆಯನ್ನು ದೇಶದೊಳಗೇ ತಯಾರಿಸುವ ಯತ್ನವೂ 1970ರ ಸುಮಾರಿಗೆ ಕೂನೂರಿನಲ್ಲಿ ನಡೆಯಿತು. ಆದರೆ ನಿಂತುಹೋಯಿತು, ದೇಶ ಹೊರಗಿನ ಲಸಿಕೆಯನ್ನೇ ನೆಚ್ಚಬೇಕಾಯಿತು. 1977ರ ಫೆಬ್ರವರಿಯಲ್ಲಿ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಸ್ವಾಯತ್ತ ಸಂಸ್ಥೆಯಾಗಿ ಭಾರತೀಯ ಪಾಶ್ಚರ್ ಸಂಸ್ಥೆ ಎಂಬ ಹೆಸರು ಪಡೆಯಿತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಲಸಿಕೆಗೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದ ಆಧಾರಸ್ತಂಭಗಳಲ್ಲಿ ಒಂದಾಯಿತು.

2008ರ ಜನವರಿಯಲ್ಲಿ ಈ ಸ್ತಂಭಕ್ಕೆ ಪೆಟ್ಟು ಬಿತ್ತು. ತಯಾರಿಕೆಯ ಗುಣಮಟ್ಟದ ನಿಯಮ ಪಾಲಿಸಿಲ್ಲವೆಂದು ಕೂನೂರು, ಕಸೌಲಿ ಮತ್ತು ಚೆನ್ನೈ ಗಿಂಡಿಯ ಬಿಸಿಜಿ ಪ್ರಯೋಗಾಲಯ ಈ ಮೂರೂ ಸರ್ಕಾರಿ ಘಟಕಗಳ ಪರವಾನಗಿಯನ್ನು ಒಟ್ಟಿಗೇ ಅಮಾನತುಮಾಡಲಾಯಿತು. ಕಟ್ಟಡ, ಯಂತ್ರ ಹಳೆಯದಾಗಿದ್ದದ್ದು ನಿಜ. ಆದರೆ ಹೊಸದಾಗಿಸಲು ಹಣ ಕೊಡಬೇಕಾದವರೂ ಹಳೆಯದೆಂದು ಮುಚ್ಚಿಸಿದವರೂ ಒಂದೇ ಸರ್ಕಾರದವರು. ಲಸಿಕೆಗಾಗಿ ಖಾಸಗಿ ಕಂಪನಿಗಳ ಮೊರೆ ಹೋಗಬೇಕಾಯಿತು, ಪೂರೈಕೆಯಲ್ಲಿ ಏರುಪೇರಾಯಿತು. ಸಂಸತ್ತಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗಳೆದ್ದವು. ಜಾವೇದ್ ಚೌಧುರಿ ಸಮಿತಿ ವಿಚಾರಣೆ ನಡೆಸಿತು. 2010ರ ಫೆಬ್ರವರಿಯಲ್ಲಿ ಅಮಾನತು ಹಿಂತೆಗೆಯಲಾಯಿತು. ಸಾರ್ವಜನಿಕ ವಲಯದ ಲಸಿಕೆ ತಯಾರಿಕೆ ಹಳೆಯ ಬಲಕ್ಕೆ ಮರಳಲು ಮಾತ್ರ ಬಹಳ ಹೆಣಗಬೇಕಾಯಿತು.

ಇಲಿಗಳ ಊಟ, ಮನುಷ್ಯರ ಊಟ

ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆ ಶುರುವಾಯಿತು. ನಡೆಸಿದವನು ರಾಬರ್ಟ್ ಮೆಕ್ಯಾರಿಸನ್, ಅದಕ್ಕೂ ಮೊದಲು ಗಿಲ್ಗಿಟ್ಟಿನಲ್ಲಿ ಗಳಗಂಡ ರೋಗವನ್ನು ಅಭ್ಯಾಸಮಾಡಿದ್ದ ಸೇನಾ ವೈದ್ಯ. 1923ರಲ್ಲಿ ಖರ್ಚು ಕಡಿತದ ಇಂಚ್‌ಕೇಪ್ ಸಮಿತಿಯ ಕತ್ತರಿ ಇದರ ಮೇಲೂ ಆಡಿತು. 1925ರಲ್ಲಿ ಮತ್ತೆ ಜೀವ ಬಂತು. ದಶಕದ ಕೊನೆಗೆ ಅದು ಪೋಷಣಾ ಸಂಶೋಧನಾ ಪ್ರಯೋಗಾಲಯ ಎನಿಸಿಕೊಂಡಿತು.

ಮೆಕ್ಯಾರಿಸನ್‌ನ ಹೆಸರು ಜಗತ್ತಿಗೆ ತಿಳಿದದ್ದು ಇಲಿಗಳಿಂದ. ಭಾರತದ ಬೇರೆ ಬೇರೆ ಪ್ರಾಂತಗಳ ಜನ ಉಣ್ಣುವ ಊಟವನ್ನೇ ಮರಿ ಇಲಿಗಳ ಗುಂಪುಗಳಿಗೆ ಉಣಿಸಿ ಕೊನೆಯಲ್ಲಿ ತೂಗಿದ. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಕಾಳು, ಸೊಪ್ಪು ತಿಂದ ಸಿಖ್ ಊಟದ ಇಲಿಗಳು ಸರಾಸರಿ 235 ಗ್ರಾಂ ತೂಗಿದವು; ಪಠಾಣ್ ಊಟದವು 230, ಮರಾಠಾ 225, ಗೂರ್ಖಾ 200, ಕನ್ನಡಿಗರ ಊಟದವು 185, ಬಂಗಾಳಿ 180, ಮದ್ರಾಸಿ 155. ನಮ್ಮ ಸ್ಥಾನ ಐದನೆಯದು, ಬೀಗುವಂತಿಲ್ಲ. ಪಾಲಿಶ್ ಮಾಡಿದ ಅಕ್ಕಿ ಹೆಚ್ಚಾಗಿ, ಹಾಲು ಸೊಪ್ಪು ಕಡಿಮೆಯಾದಷ್ಟೂ ದೇಹ ಕುಗ್ಗುತ್ತದೆ ಎಂಬ ತೀರ್ಮಾನ ಇಂದಿಗೂ ನಿಲ್ಲುವಂಥದು. ಆದರೆ ಈ ಪಟ್ಟಿ ಬ್ರಿಟಿಷ್ ಸೇನೆ ಮೊದಲೇ ನಂಬಿಕೊಂಡಿದ್ದ ವೀರ ಜನಾಂಗಗಳ ಪಟ್ಟಿಯನ್ನೇ ಹೋಲುತ್ತದೆಂಬುದನ್ನೂ ಗಮನಿಸಬೇಕು. ಮದ್ರಾಸಿನ ಬಡವ ಹಾಲು ಕುಡಿಯದಿದ್ದದ್ದು ರುಚಿಯ ಮಾತಲ್ಲ, ಕೂಲಿಯ ಮಾತು. ಇಲಿಯ ಬೋನಿನಲ್ಲಿ ಕೂಲಿ ಕಾಣುವುದಿಲ್ಲ. ಪ್ರಯೋಗಾಲಯದ ಕಿಟಕಿಯಾಚೆ ಸಾಮೆ, ರಾಗಿ ಬೆಳೆದು ಉಣ್ಣುತ್ತಿದ್ದ ಬಡಗರ ಊಟವಾಗಲಿ, ಕಾಡಿನ ಗೆಡ್ಡೆ, ಜೇನು, ಸೊಪ್ಪಿನ ಮೇಲೆ ಬದುಕುತ್ತಿದ್ದ ಕುರುಂಬರ ಊಟವಾಗಲಿ ಆ ಏಳರ ಪಟ್ಟಿಯಲ್ಲಿ ಇರಲಿಲ್ಲ.

ಬೆರಿಬೆರಿಯ ಕೆಲಸ ಹೆಚ್ಚು ನೇರವಾಗಿ ಜನರ ಒಲೆಯನ್ನು ಮುಟ್ಟಿತು. ಆಂಧ್ರದ ಉತ್ತರ ಕರಾವಳಿಯಲ್ಲಿ ಗಿರಣಿಯಲ್ಲಿ ಮಾಡಿಸಿದ ಬೆಳ್ತಿಗೆ ಅಕ್ಕಿ ಉಣ್ಣುವವರಿಗೆ ಬೆರಿಬೆರಿ ಬರುತ್ತಿತ್ತು, ಕುಸುಬಲಕ್ಕಿ ಉಣ್ಣುವ ಸೀಮೆಗಳಲ್ಲಿ ಬರುತ್ತಿರಲಿಲ್ಲ. ಭತ್ತವನ್ನು ಮೊದಲೇ ಬೇಯಿಸಿದಾಗ ತೌಡಿನಲ್ಲಿರುವ, ಬೆರಿಬೆರಿ ತಡೆಯುವ ಥಯಮಿನ್ ಕಾಳಿನೊಳಕ್ಕೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ಕರಾವಳಿಯ ಅಜ್ಜಿಯರು ರುಚಿಗೂ ಬಾಳಿಕೆಗೂ ಮಾಡುತ್ತಿದ್ದುದರ ಒಳಗುಟ್ಟನ್ನು ಕೂನೂರು ವಿವರಿಸಿತು. 1935ರಲ್ಲಿ ಮೆಕ್ಯಾರಿಸನ್ ನಿವೃತ್ತನಾದ ಮೇಲೆ ಬಂದ ವ್ಯಾಲೇಸ್ ಏಕ್ರಾಯ್ಡ್ ದೇಶದ ಆಹಾರಗಳನ್ನು ಒಂದೊಂದಾಗಿ ವಿಶ್ಲೇಷಿಸಿ, 1937ರಲ್ಲಿ ಭಾರತೀಯ ಆಹಾರಗಳ ಪೋಷಕ ಮೌಲ್ಯದ ಕೈಪಿಡಿ ಹೊರತಂದ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಇಂದು ನಾವು ಹೆಮ್ಮೆಯಿಂದ ಹೇಳುವಂಥ ಲೆಕ್ಕಗಳ ಪರಂಪರೆ ಅಲ್ಲಿಂದ ಹೊರಟದ್ದು, ಮುಂದೆ ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ವಿಸ್ತರಿಸಿದರು. 1958ರಲ್ಲಿ ಪ್ರಯೋಗಾಲಯ ಹೈದರಾಬಾದಿಗೆ ಸ್ಥಳಾಂತರವಾಯಿತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಇಲಿ ಸಾಕಲು ಬೆಟ್ಟ ಸಾಕು. ಅಪೌಷ್ಟಿಕತೆಯಿಂದ ನರಳುವ ಮಕ್ಕಳನ್ನು ಕಂಡು ಕಲಿಯಲು ದೊಡ್ಡ ಊರಿನ ಆಸ್ಪತ್ರೆಗಳೇ ಬೇಕು.

ತೋಟದ ಲೈನ್‌ಮನೆಗಳು

ಜಿಲ್ಲೆಯ ಆರೋಗ್ಯದ ಮಾತು ಟೀ ತೋಟಗಳನ್ನು ಬಿಟ್ಟು ಆಗದು. 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರಿಗೆ ಔಷಧಾಲಯ, ಶಿಶುಪಾಲನಾ ಕೋಣೆ, ಕುಡಿಯುವ ನೀರಿನ ಹೊಣೆ ಹೊರಿಸಿತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಗೂಡಲೂರು, ಕೋತಗಿರಿ ಕಡೆಯ ಸರ್ಕಾರಿ ಟೀ ತೋಟಗಳಲ್ಲಿ ನೆಲೆಸಿದವು.

ಕೂನೂರಿನಲ್ಲಿ ಕಚೇರಿಯಿರುವ ದಕ್ಷಿಣ ಭಾರತ ತೋಟಗಾರರ ಸಂಘ ‘ಉಪಾಸಿ’, 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, 1971ರಲ್ಲಿ ಕೆಲವು ತೋಟಗಳಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಹೆಣ್ಣಾಳು ಬಸುರಿಯಾಗದ ಪ್ರತಿ ತಿಂಗಳಿಗೂ ತೋಟದವರು ಅವಳ ಹೆಸರಿನ ಖಾತೆಗೆ 5 ರೂಪಾಯಿ ಜಮಾ ಮಾಡುವುದು. ಮಕ್ಕಳು ಹೆಚ್ಚಾದಂತೆ ಅದರಲ್ಲಿ ಕಡಿತ. ದುಡ್ಡು ಕೈಗೆ ಬರುವುದು ಹೆರುವ ವಯಸ್ಸು ಮುಗಿದ ಮೇಲೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ರಿಡ್ಕರ್ ರೂಪಿಸಿ, ಸಂಘದ ವೈದ್ಯಕೀಯ ಸಲಹೆಗಾರ ವಿ. ಐ. ಚಾಕೊ ನಡೆಸಿದ ಈ ಯೋಜನೆ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಹೊಗಳಿಸಿಕೊಂಡಿತು. ಮುದಿತನಕ್ಕೆ ಆಸರೆಯೆಂದು ಮಕ್ಕಳನ್ನು ಹೆರುವವರಿಗೆ ಬೇರೊಂದು ಆಸರೆ ಕೊಡೋಣ ಎಂಬ ತರ್ಕ ಕೇಳಲು ಚೆನ್ನ. ಆದರೆ ಸಂಬಳ ಕೊಡುವವನೇ ಬಸಿರಿನ ಲೆಕ್ಕ ಇಡುವಲ್ಲಿ ಒಪ್ಪಿಗೆ ಎಷ್ಟು ಸ್ವತಂತ್ರ? ಇಂದಿನ ಯಾವ ನೀತಿ ಸಮಿತಿಯೂ ಇದನ್ನು ಸಲೀಸಾಗಿ ಒಪ್ಪಲಾರದು. ಅದೇ ಕಾಲದಲ್ಲಿ ಸಂಘ ನಡೆಸಿದ ಸಮಗ್ರ ಕಾರ್ಮಿಕ ಕಲ್ಯಾಣ ಕಾರ್ಯಕ್ರಮದಲ್ಲಿ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳ ನಡುವಿಂದಲೇ ಆರಿಸಿದ ಹೆಂಗಸರು ನೀರು, ನೈರ್ಮಲ್ಯ, ಮಕ್ಕಳ ಲಸಿಕೆಯ ಮಾತನ್ನು ಮನೆಮನೆಗೆ ಒಯ್ದರು. ಸದ್ದಿಲ್ಲದೆ ನಡೆದ ಆ ಕೆಲಸವೇ ಹೆಚ್ಚು ಬಾಳುವಂಥದು.

ಕುಡುಗೋಲು ಕಣ

ನೀಲಗಿರಿಯ ಮೂಲನಿವಾಸಿಗಳ ಮೈಯನ್ನು ಅಳೆಯಲು ಬಂದವರ ಸಾಲು ಉದ್ದವಿದೆ. ಅವರಲ್ಲಿ ಹೆಚ್ಚು ಹೆಸರಾದವನು ವೈದ್ಯನೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್. 1901–02ರಲ್ಲಿ ತೋಡರ ನಡುವೆ ಇದ್ದು ಅವರ ದೃಷ್ಟಿ, ನೋವಿನ ಅರಿವು, ಬಣ್ಣ ಗುರುತಿಸುವ ಶಕ್ತಿಯನ್ನೆಲ್ಲ ಪರೀಕ್ಷಿಸಿದ. 1906ರಲ್ಲಿ ದೊಡ್ಡ ಗ್ರಂಥ ಬರೆದ. ತೋಡರ ಸಂಖ್ಯೆ ಕುಸಿಯುತ್ತಿದೆ, ಈ ಕುಲವೇ ಅಳಿದೀತು ಎಂಬ ಆತಂಕ ಅರ್ಧ ಶತಮಾನ ಬರಹಗಳಲ್ಲಿ ಓಡಾಡಿತು. ಚಿಕಿತ್ಸೆ ತೋಡರ ಹಟ್ಟಿಗಳಾದ ಮಂದುಗಳ ಬಾಗಿಲಿಗೆ ಬಂದದ್ದು ಸ್ವಾತಂತ್ರ್ಯದ ಬಳಿಕ. ಅದಕ್ಕಾಗಿ ದುಡಿದವರಲ್ಲಿ ಆ ಸಮುದಾಯದ್ದೇ ದಾದಿ ಈವಾಂ ಪಿಲ್ಜೈನ್ ಮುಖ್ಯರು.

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಚಿಕ್ಕ ಲೇಖನವೊಂದನ್ನು ಪ್ರಕಟಿಸಿದರು. ಆವರೆಗೆ ಆಫ್ರಿಕಾ ಮೂಲದವರ ರೋಗವೆಂದೇ ಬಗೆದಿದ್ದ ಕುಡುಗೋಲು ಕಣದ ಗುಣ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ, ತಪ್ಪಲಿನ ಇರುಳ, ಕುರುಂಬ, ಪಣಿಯ ಸಮುದಾಯಗಳಲ್ಲಿ ಗಣನೀಯ ಪ್ರಮಾಣದಲ್ಲಿ, ಕಂಡುಬಂದಿತ್ತು. ಈ ಗುಣವಿರುವವರ ಹಿಮೋಗ್ಲೋಬಿನ್ನಿನಲ್ಲಿ ಒಂದು ಸಣ್ಣ ವ್ಯತ್ಯಾಸ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ವ್ಯಕ್ತಿ ವಾಹಕ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾನೆ. ಇಬ್ಬರಿಂದಲೂ ಬಂದರೆ ಆಮ್ಲಜನಕ ಕಡಿಮೆಯಾದಾಗ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು, ತೀರದ ರಕ್ತಹೀನತೆ, ಪದೇಪದೇ ಸೋಂಕು. ಇಬ್ಬರು ವಾಹಕರ ಮದುವೆಯಲ್ಲಿ ಪ್ರತಿ ಹೆರಿಗೆಗೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಂಥ ಕೇಡಿನ ಗುಣ ತಲೆಮಾರುಗಳಿಂದ ಅಳಿಯದೆ ಉಳಿದದ್ದೇಕೆ? 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿಕೊಟ್ಟಂತೆ, ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಸೊಳ್ಳೆಯ ಕಾಡಿನಲ್ಲಿ ಬದುಕಿ ಉಳಿದವರು ಈ ಗುಣವನ್ನು ಮಕ್ಕಳಿಗೆ ದಾಟಿಸಿದರು. ರಾಸ್ ಜ್ವರ ಹಿಡಿಸಿಕೊಂಡ ಸೀಗೂರಿನಂಥ ತಪ್ಪಲಿನ ಇರುಳರ ರಕ್ತದಲ್ಲಿ ಲೇಮನ್‌ಗೆ ಸಿಕ್ಕಿದ್ದು ಆ ಜ್ವರದ್ದೇ ಪುರಾತನ ದಾಖಲೆ.

ಶೋಧ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು. ರಕ್ತ ಕೊಟ್ಟವರ ಹಾಡಿಗಳಿಗೆ ಅದರ ಫಲ ಬರಲು ದಶಕಗಳೇ ಬೇಕಾದವು. ಡಾ. ಎಸ್. ನರಸಿಂಹನ್ 1958ರಲ್ಲಿ ಸ್ಥಾಪಿಸಿದ ನೀಲಗಿರಿ ಆದಿವಾಸಿ ಕಲ್ಯಾಣ ಸಂಘ ಕೋತಗಿರಿಯನ್ನು ಕೇಂದ್ರವಾಗಿಟ್ಟುಕೊಂಡು ಸಂಚಾರಿ ಚಿಕಿತ್ಸಾ ವಾಹನಗಳನ್ನು ಊರೂರಿಗೆ ಕಳಿಸಿತು, ಮುಂದೆ ಕುಡುಗೋಲು ಕಣದ ತಪಾಸಣೆಯನ್ನೂ ಕೈಗೆತ್ತಿಕೊಂಡಿತು. ಆ ರೋಗಿಗೆ ಬೇಕಾದದ್ದು ದುಬಾರಿ ಪವಾಡವೇನಲ್ಲ: ಬೇಗ ಗುರುತಿಸುವುದು, ಫೋಲಿಕ್ ಆಮ್ಲ, ಸೋಂಕು ತಡೆಯುವ ಲಸಿಕೆ, ನೋವಿನ ದಾಳಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ, ಮತ್ತು ವರ್ಷಾನುವರ್ಷ ಬಿಡದೆ ನೋಡಿಕೊಳ್ಳುವ ಆಸ್ಪತ್ರೆ. ಕೊನೆಯದೇ ಕಷ್ಟದ್ದು.

ಗೂಡಲೂರಿನ ಆಸ್ಪತ್ರೆ

ಗೂಡಲೂರು, ಪಂದಲೂರು ತಾಲ್ಲೂಕುಗಳು ಭೂವ್ಯಾಜ್ಯದ ಸೀಮೆ. ಜನ್ಮಂ ಎಂಬ ಹಳೆಯ ಒಡೆತನದ ಜಮೀನುಗಳನ್ನು ರೈತವಾರಿಗೆ ತರುವ 1969ರ ಕಾಯ್ದೆ ಇಂದಿಗೂ ಪೂರ್ತಿ ತೀರದ ಕಗ್ಗಂಟು. ತೋಟ, ಅರಣ್ಯ, ವಲಸಿಗರ ನಡುವೆ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕರ ಕಾಲಕೆಳಗಿನ ನೆಲ ಜಾರುತ್ತ ಬಂತು. ಸ್ಟಾನ್ ಮತ್ತು ಮಾರಿ ತೇಕೇಕರ ದಂಪತಿ 1986ರಲ್ಲಿ ‘ಅಕಾರ್ಡ್’ ಸಂಸ್ಥೆ ಕಟ್ಟಿದ್ದು ಮೊದಲಿಗೆ ಈ ನೆಲದ ಹಕ್ಕಿಗಾಗಿ. ಆದಿವಾಸಿ ಮುನ್ನೇಟ್ರ ಸಂಗಂ ಎಂಬ ಜನರ ಸಂಘ ಅದರಿಂದ ಬೆಳೆಯಿತು. ಹೆರಿಗೆಯಲ್ಲಿ ಸಾಯುವ ತಾಯಂದಿರನ್ನು, ಭೇದಿಯಲ್ಲಿ ಸಾಯುವ ಮಕ್ಕಳನ್ನು ಕಣ್ಣೆದುರಿಗಿಟ್ಟುಕೊಂಡು ಬರಿಯ ನೆಲದ ಮಾತಾಡುವುದು ಆಗಲಿಲ್ಲ. 1987ರಲ್ಲಿ ಎನ್. ದೇವದಾಸನ್ ಮತ್ತು ರೂಪಾ ದೇವದಾಸನ್ ಎಂಬ ವೈದ್ಯ ದಂಪತಿ ಬಂದು ಹಾಡಿಗಳ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರುಮಾಡಿದರು: ಬಸುರಿಯರ ತಪಾಸಣೆ, ಮಕ್ಕಳ ತೂಕ, ಲಸಿಕೆ, ಉಪ್ಪು-ಸಕ್ಕರೆ ನೀರು.

ಹಳ್ಳಿಯಲ್ಲಿ ಕಾಯಿಲೆ ಗುರುತಿಸಿದ ಮೇಲೆ ಕಳಿಸುವುದು ಎಲ್ಲಿಗೆ? ಸರ್ಕಾರಿ ಆಸ್ಪತ್ರೆಗೆ ಹೋಗಲು ಆದಿವಾಸಿಗಳಿಗೆ ಅಂಜಿಕೆ, ಖಾಸಗಿಯದಕ್ಕೆ ದುಡ್ಡಿಲ್ಲ. ಹಾಗಾಗಿ 1990ರಲ್ಲಿ ‘ಅಶ್ವಿನಿ’ ಸಂಸ್ಥೆಯ ಗೂಡಲೂರು ಆದಿವಾಸಿ ಆಸ್ಪತ್ರೆ ಶುರುವಾಯಿತು. ಶಸ್ತ್ರವೈದ್ಯ ನಂದಕುಮಾರ್ ಮೆನನ್, ಸ್ತ್ರೀರೋಗ ತಜ್ಞೆ ಶೈಲಾ ದೇವಿ ಅದನ್ನು ಕಟ್ಟಿ ಬೆಳೆಸಿದರು. ಹಾಡಿಯ ಹುಡುಗಿಯರು ಅಲ್ಲೇ ನರ್ಸಿಂಗ್ ಕಲಿತರು. ಬಾಗಿಲಲ್ಲಿ ತನ್ನ ಮಾತಿನಲ್ಲೇ ಕರೆದು ಕೂರಿಸುವವಳು ತನ್ನ ಕುಲದವಳೇ ಎಂದಾದಾಗ ರೋಗಿಯ ಅಂಜಿಕೆ ಅರ್ಧ ಇಳಿದಂತೆ.

ಈ ಆಸ್ಪತ್ರೆಯನ್ನು ಸಂಶೋಧನಾ ಲೋಕ ಗುರುತಿಸಿದ್ದು 1992ರಲ್ಲಿ ಆರಂಭವಾದ ಆರೋಗ್ಯ ವಿಮೆಯಿಂದ. ಸಂಘದ ಸದಸ್ಯ ಕುಟುಂಬಗಳು ವರ್ಷಕ್ಕೊಮ್ಮೆ, ಕೈಯಲ್ಲಿ ಕೂಲಿಯ ದುಡ್ಡಿರುವ ಹೊತ್ತಿನಲ್ಲಿ, ತಲೆಗಿಷ್ಟೆಂದು ಸಣ್ಣ ಕಂತು ಕಟ್ಟುವುದು. ಸಂಸ್ಥೆ ಎಲ್ಲರ ಪರವಾಗಿ ವಿಮಾ ಕಂಪನಿಯಿಂದ ಗುಂಪು ವಿಮೆ ಕೊಳ್ಳುವುದು. ದಾಖಲಾದ ಸದಸ್ಯ ಬಿಲ್ಲಿಗಾಗಿ ಅಲೆಯದಂತೆ ಲೆಕ್ಕಪತ್ರವನ್ನೆಲ್ಲ ಆಸ್ಪತ್ರೆಯೇ ನೋಡಿಕೊಳ್ಳುವುದು. ಕಾಯಿಲೆಯಿಲ್ಲದವನೂ ಕಂತು ಕಟ್ಟುವುದನ್ನು ಲಾಭನಷ್ಟವಾಗಿ ವಿವರಿಸಿದರೆ ಯಾರೂ ಒಪ್ಪರು. ಸಂಘದ ಒಗ್ಗಟ್ಟಿನ ಮಾತಾಗಿ ಹೇಳಿದಾಗ ಒಪ್ಪಿದರು. ದೇವದಾಸನ್ ಮತ್ತು ಸಹಲೇಖಕರು ಆಮೇಲೆ ಪ್ರಕಟಿಸಿದ ಅಧ್ಯಯನದಂತೆ, ವಿಮೆ ಇದ್ದವರು ಆಸ್ಪತ್ರೆಗೆ ದಾಖಲಾಗುವ ಪ್ರಮಾಣ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ದೇಶದ ದೊಡ್ಡ ಸರ್ಕಾರಿ ವಿಮಾ ಯೋಜನೆಗಳು ಬರುವುದಕ್ಕೆ ಬಹಳ ಮುಂಚಿನ ಮಾತಿದು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದವರಲ್ಲೂ ಈ ದೇವದಾಸನ್ ಒಬ್ಬರು. ಗೂಡಲೂರಿನ ಪಾಠ ಕರ್ನಾಟಕಕ್ಕೆ ಬಂದ ದಾರಿಗಳಲ್ಲಿ ಅದೂ ಒಂದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಿಂದ ಸೋಲಿಗರ ನಡುವೆ, ಸರಗೂರು ಕಡೆ ಸ್ವಾಮಿ ವಿವೇಕಾನಂದ ಯುವ ಚಳವಳಿ 1984ರಿಂದ ಕಾಡುಕುರುಬರ ನಡುವೆ ಮಾಡಿದ ಕೆಲಸವೂ ಇದೇ ಕಾಡಿನ ಇನ್ನೊಂದು ಬದಿಯದು. ಕುಡುಗೋಲು ಕಣ ಅಲ್ಲಿಯೂ ಇದೆ.

ಕಾಡು, ಪ್ರಾಣಿ, ಗಡಿ

ಮುದುಮಲೆ, ಬಂಡೀಪುರ, ವೈನಾಡು ಕಾಡುಗಳಿಗೆ ನಕ್ಷೆಯ ಗೆರೆ ಗೊತ್ತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಬಳಿಯ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ 2012–13ರಲ್ಲಿ ಬಂಡೀಪುರದಲ್ಲಿ ಅರಣ್ಯ ಸಿಬ್ಬಂದಿಗೆ ತಗಲಿತು. ನೀಲಗಿರಿ ಕಡೆ ಸತ್ತ ಮಂಗದಲ್ಲೂ ವೈರಸ್ ಪತ್ತೆಯಾಯಿತು. ಈ ಕಾಯಿಲೆ ಹರಡುವ ಉಣ್ಣಿ ಗಡಿ ದಾಟಿದ ಮೇಲೆ ಮೂರು ರಾಜ್ಯಗಳ ಇಲಾಖೆಗಳೂ ಪರಸ್ಪರ ಮಾತಾಡಬೇಕಾಯಿತು. ರೇಬೀಸ್ ವಿಷಯದಲ್ಲಿ ಮಸಿನಗುಡಿ ಬಳಿಯ ಮಾವನಹಳ್ಳದ ಒಂದು ಪ್ರಾಣಿ ಆಶ್ರಯ ಕೇಂದ್ರ ಬೀದಿನಾಯಿಗಳಿಗೆ ಲಸಿಕೆ, ಸಂತಾನಹರಣ ನಡೆಸುತ್ತ ಬಂದಿದೆ. ಊಟಿ ಸಮೀಪ ಪಶುವೈದ್ಯರಿಗೆ ಇದರ ತರಬೇತಿಯೂ ನಡೆಯುತ್ತದೆ. ಕಚ್ಚಿಸಿಕೊಂಡವನಿಗೆ ಸೂಜಿ ಹಾಕುವ ಕೂನೂರಿನ ದಾರಿಗಿಂತ ಕಚ್ಚುವ ನಾಯಿಗೇ ಮೊದಲು ಸೂಜಿ ಹಾಕುವ ಈ ದಾರಿ ಅಗ್ಗ, ಫಲವೂ ಹೆಚ್ಚು.

ಗಡಿ ದಾಟುವುದು ಕಾಯಿಲೆಯಷ್ಟೇ ಅಲ್ಲ; ಔಷಧ ಶಿಕ್ಷಣದಲ್ಲಿ ಮೈಸೂರಿನ ನಂಟು ಗಟ್ಟಿಯಾಗಿದೆ. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ 1980ರಲ್ಲಿ ಊಟಿಯಲ್ಲಿ ಆರಂಭಿಸಿದ ಫಾರ್ಮಸಿ ಕಾಲೇಜು ದೇಶದ ಮುಂಚೂಣಿಯ ಔಷಧ ಸಂಶೋಧನಾ ಕಾಲೇಜುಗಳಲ್ಲಿ ಒಂದು. ಬೆಟ್ಟದ ಗಿಡಮೂಲಿಕೆಗಳ ಮೇಲಿನ ಕೆಲಸಕ್ಕೆ ಅದು ಹೆಸರಾಗಿದೆ.

ಇಂದಿನ ಸ್ಥಿತಿ

ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಇಲಾಖೆಯನ್ನೂ 1939ರಷ್ಟು ಹಿಂದೆಯೇ ಅದಕ್ಕೊಂದು ಕಾಯ್ದೆಯನ್ನೂ ಪಡೆದ ರಾಜ್ಯದಲ್ಲಿ ನೀಲಗಿರಿಗೆ ವೈದ್ಯಕೀಯ ಕಾಲೇಜು ಬಂದದ್ದು 2022ರ ಜನವರಿಯಲ್ಲಿ. ಅದರ 700 ಹಾಸಿಗೆಗಳ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಉದಕಮಂಡಲದಲ್ಲಿ ಉದ್ಘಾಟನೆಯಾಯಿತು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ಕುಡುಗೋಲು ಕಣ ನಿರ್ಮೂಲನ ಅಭಿಯಾನ ಬುಡಕಟ್ಟು ಜಿಲ್ಲೆಗಳಲ್ಲಿ ಸಾಮೂಹಿಕ ತಪಾಸಣೆಗೆ ಹೊರಟಿದೆ.

ಉದಕಮಂಡಲದ ಹೊಸ ಆಸ್ಪತ್ರೆಯಿಂದ ಕೊಯಮತ್ತೂರಿಗೆ ಇಳಿಯಬೇಕಾದ ಎಷ್ಟೋ ಪಯಣಗಳು ತಪ್ಪಬೇಕು. ಗೂಡಲೂರಿನವರ ಲೆಕ್ಕ ಬೇರೆ. ಊಟಿ ಅವರಿಗೆ ಐವತ್ತು ಕಿಲೋಮೀಟರಿನ ಏರು. ಸುಲ್ತಾನ್ ಬತ್ತೇರಿ ಹತ್ತಿರ. ಕಲ್ಲಿಕೋಟೆ, ಮೈಸೂರಿಗೂ ದಾರಿಯಿದೆ. 2009ರಿಂದ ಬಂಡೀಪುರ ಕಾಡಿನೊಳಗಿನ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಇದ್ದರೂ ಜೀಪು ಗೊತ್ತುಮಾಡಿಕೊಂಡು ಹೊರಡುವ ಬಡವರಿಗೆ ಆ ದಾರಿ ಬೆಳಗಿನವರೆಗೆ ಮುಚ್ಚಿದಂತೆಯೇ. ಇನ್ನು ಕುಡುಗೋಲು ಕಣದ ರೋಗಿಗಳ ಮಟ್ಟಿಗೆ ಎತ್ತರವೇ ಒಂದು ತೊಡಕು: ಚಳಿ ತಗಲಿದರೆ ನೋವಿನ ದಾಳಿ ಕೆರಳುತ್ತದೆ ಎಂಬುದು ವೈದ್ಯರು ಅವರಿಗೆ ಮೊದಲು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಒಂದು. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ದಿನಗಳಲ್ಲಿ ಮಸಿನಗುಡಿಯ ಇರುಳರ ಮಗುವನ್ನು ಅಲ್ಲಿಗೆ ಹತ್ತಿಸುವುದಕ್ಕಿಂತ, ಅದರ ಮದ್ದನ್ನೂ ರಕ್ತಪರೀಕ್ಷೆಯನ್ನೂ ಕೆಳಗಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಸುವುದು ಸರಿಯಾದ ಕ್ರಮ.